ಆರನೇ ವಾರದ ವಿಚಾರಣೆ

ನಮ್ಮ ಅಕ್ಕನ ಎಡಗಡೆಯ ಕಿಡ್ನಿ ಇರಬೇಕಾದ ಜಾಗದಲ್ಲಿ ಇಲ್ಲ ಅನ್ನುವುದು ಗೊತ್ತಾದಾಗ ಅವಳಿಗೆ ನಲವತ್ತೇಳು ವರ್ಷ. ಅಲ್ಲಿಯವರೆಗೆ ಅದನ್ನು ಯಾರೂ ಹುಡುಕಿರಲಿಲ್ಲ.

ಅಕ್ಕ ಭಾವ ಇಬ್ಬರದೂ ಮನೆ ಸಾಮಾನು ಸಾಗಿಸುವ ಕೆಲಸ. ಒಂದು ಲಾರಿ, ನಾಲ್ಕು ಜನ ಆಳು, ರಸ್ತೆ ಬದಿಗೆ ಬಾಗಿಲಿರುವ ಒಂದು ಉದ್ದನೆಯ ಕೋಣೆ. ಹೊರುವುದು, ಏರಿಸುವುದು, ಹಗ್ಗ ಬಿಗಿಯುವುದು ಭಾವನ ಪಾಲು. ಕಟ್ಟುವುದು ಅಕ್ಕನ ಪಾಲು. ಗಾಜಿನ ಲೋಟ, ಪಿಂಗಾಣಿ ತಟ್ಟೆ, ಗೋಡೆ ಗಡಿಯಾರ, ಯಾವುದನ್ನು ಕೊಟ್ಟರೂ ಹಳೇ ಪೇಪರಿನಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿ ಅಲುಗಾಡದಂತೆ ಕೂರಿಸಿ, ಯಾವ ಕೋಣೆಯದು ಅಂತ ಮೇಲೆ ದಪ್ಪ ಅಕ್ಷರದಲ್ಲಿ ಬರೆಯುತ್ತಾಳೆ. ಅಡುಗೆಮನೆಯ ಪೆಟ್ಟಿಗೆ ಮಲಗುವ ಕೋಣೆಗೆ ಹೋಯಿತು ಅನ್ನುವ ದೂರು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಬಂದಿಲ್ಲ ಎಂದು ಭಾವ ಕಂಡಕಂಡವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಅದಕ್ಕೇ ಇರಬೇಕು, ಈ ವಿಷಯ ಅಕ್ಕನಿಗಿಂತ ಹೆಚ್ಚಾಗಿ ಅವರಿಗೆ ಚುಚ್ಚಿತು.

ಆದದ್ದಿಷ್ಟು. ಒಂದು ದಿನ ತಟ್ಟೆಗಳ ಪೆಟ್ಟಿಗೆಯನ್ನು ಮೇಜಿನಿಂದ ಎಳೆಯುವಾಗ ಅದರ ಮೂಲೆ ಅಕ್ಕನ ಕಿಬ್ಬೊಟ್ಟೆಗೆ ಬಡಿಯಿತು. ನಾಲ್ಕು ದಿನವಾದರೂ ನೋವು ಇಳಿಯಲಿಲ್ಲ. ತಾನಾಗಿ ಹೋಗುತ್ತೆ ಬಿಡಿ ಅಂತ ಅವಳು ಹೇಳಿದ್ದನ್ನು ಭಾವ ಕಿವಿಗೆ ಹಾಕಿಕೊಳ್ಳದೆ ಸ್ಕ್ಯಾನಿಂಗ್ ಸೆಂಟರಿಗೆ ಎಳೆದುಕೊಂಡು ಹೋದರು. ನಾನು ಕೋರ್ಟಿನಲ್ಲಿ ಬೆರಳಚ್ಚುಗಾರ. ಅಂದು ವಕೀಲರ ಮುಷ್ಕರ ಇದ್ದುದರಿಂದ ನಾನೂ ಜೊತೆಗೆ ಹೋದೆ.

ಸ್ಕ್ಯಾನ್ ಮಾಡುವ ಡಾಕ್ಟರು ನಡುವಯಸ್ಸಿನ ಹೆಂಗಸು. ಪರದೆ ನೋಡುತ್ತಾ ತಮ್ಮಷ್ಟಕ್ಕೆ ತಾವೇ ಏನೋ ಗುನುಗುವ ಅಭ್ಯಾಸ. ಲಿವರ್ ನೋಡಿದರು, ಗುನುಗಿದರು. ಬಲಗಡೆಯ ಕಿಡ್ನಿ ನೋಡಿದರು, ಗುನುಗಿದರು. ಎಡಗಡೆಗೆ ಬಂದಾಗ ಗುನುಗು ನಿಂತಿತು. ಅಕ್ಕನನ್ನು ಮಗ್ಗುಲು ತಿರುಗಿಸಿದರು, ಉಸಿರು ಬಿಗಿಹಿಡಿಸಿದರು, ಇನ್ನೊಂದಿಷ್ಟು ತಣ್ಣನೆಯ ಜೆಲ್ ಸುರಿದರು.

"ಯಾರಿಗಾದ್ರೂ ಕಿಡ್ನಿ ಕೊಟ್ಟಿದ್ದೀರಾ?" ಎಂದು ಕೇಳಿದರು.

ಇಲ್ಲ ಅಂದಳು ಅಕ್ಕ. ಸರಿಯಾಗಿ ಯೋಚನೆ ಮಾಡಿ ಹೇಳಿ ಅಂದರು ಡಾಕ್ಟರು. ಭಾವನಿಗೆ ರೇಗಿತು. "ನಮ್ಮನೇಲಿ ಒಂದು ಚಮಚ ಆಚೆ ಹೋದ್ರೂ ನೆನಪಿರುತ್ತೆ ಡಾಕ್ಟ್ರೇ. ಕಿಡ್ನಿ ಕೊಟ್ಟಿದ್ರೆ ಮರೀತೀವಾ?"

ಹಾಗಾದರೆ ಹುಟ್ಟುವಾಗಲೇ ಇರಲಿಲ್ಲವೇನೋ, ಕೆಲವರಿಗೆ ಒಂದೇ ಇರುತ್ತದೆ ಎನ್ನುತ್ತಾ ಡಾಕ್ಟರು ಕೈಯಲ್ಲಿದ್ದುದನ್ನು ಸುಮ್ಮನೆ ಕೆಳಗೆ ಜಾರಿಸಿದರು. ಪೆಟ್ಟು ಬಿದ್ದಿದ್ದ ಜಾಗಕ್ಕೆ ಬಂದರು. ನಿಂತರು. ಆಮೇಲೆ ನಿಧಾನವಾಗಿ ಮತ್ತೆ ಗುನುಗತೊಡಗಿದರು. ಮೂತ್ರಕೋಶದ ಹಿಂದೆ, ಸೊಂಟದ ಮೂಳೆಯ ಬಟ್ಟಲಿನಲ್ಲಿ, ಅಕ್ಕನ ಎಡಗಡೆಯ ಕಿಡ್ನಿ ಹಾಯಾಗಿ ಕುಳಿತಿತ್ತು.

ನಮ್ಮ ಮೂರೂ ಜನರ ಮುಖ ನೋಡಿ ಅವರಿಗೆ ಪಾಪ ಅನ್ನಿಸಿರಬೇಕು, ಕುರ್ಚಿ ತಿರುಗಿಸಿಕೊಂಡು ವಿವರಿಸಿದರು. ಎಲ್ಲರಿಗೂ ಕೊನೆಗೆ ಉಳಿಯುವ ಕಿಡ್ನಿ ಹುಟ್ಟುವುದು ಅಲ್ಲೇ, ಕೆಳಗೇ. ಅದೂ ಒಂದೇ ಸಲಕ್ಕಲ್ಲ. ತಾಯಿಯ ಹೊಟ್ಟೆಯಲ್ಲಿ ಮೂರು ಜೊತೆ ತಯಾರಾಗುತ್ತವೆ. ಮೊದಲನೇ ಜೊತೆ ಕತ್ತಿನ ಹತ್ತಿರ ಬಂದು, ಒಂದು ಹನಿ ಕೆಲಸವನ್ನೂ ಮಾಡದೆ ಮಾಯವಾಗುತ್ತದೆ. ಎರಡನೇ ಜೊತೆ ಕೆಲವು ವಾರ ದುಡಿದು, ಮೂರನೆಯದು ಸಿದ್ಧವಾಗುತ್ತಿದ್ದ ಹಾಗೆ ಸವೆದುಹೋಗುತ್ತದೆ. ಮೂರನೆಯದೇ ನಮ್ಮದು. ಐದನೇ ವಾರದಲ್ಲಿ ಕೆಳಗಿರುವ ಒಂದು ಕೊಳವೆಯಿಂದ ಮೊಳಕೆ ಒಡೆದು, ಪಕ್ಕದಲ್ಲಿ ಕಾದಿರುವ ಮೆತ್ತನೆಯ ಗಂಟಿಗೆ ಹೋಗಿ ತಾಕುತ್ತದೆ. ತಾಕಿದ ಮೇಲೆ ಇವೆರಡೂ ಒಂದನ್ನೊಂದು ಬೆಳೆಸಿಕೊಳ್ಳುತ್ತವೆ. ಮೊಳಕೆಯಿಂದ ಮೂತ್ರನಾಳ ಆಗುತ್ತದೆ, ಗಂಟಿನಿಂದ ಸೋಸುವ ಭಾಗ ಆಗುತ್ತದೆ. ತಾಕದೇ ಹೋದರೆ ಆ ಕಡೆ ಕಿಡ್ನಿಯೇ ಇಲ್ಲ. ಮೊಳಕೆ ಮೊದಲೇ ಕವಲೊಡೆದರೆ ಒಂದೇ ಕಿಡ್ನಿಗೆ ಎರಡು ನಾಳ. ಎಲ್ಲ ಸರಿಹೋದರೆ ಆರನೇ ವಾರದಿಂದ ಒಂಬತ್ತನೇ ವಾರದೊಳಗೆ ಎರಡೂ ಮೇಲಕ್ಕೆ ಹತ್ತಿ, ಪಕ್ಕೆಲುಬಿನ ಕೆಳಗೆ ಬಂದು ನೆಲೆಸುತ್ತವೆ. ಹತ್ತುತ್ತಾ ಹತ್ತುತ್ತಾ ಕೆಳಗಿನ ರಕ್ತನಾಳಗಳನ್ನು ಬಿಟ್ಟು ಮೇಲಿನವನ್ನು ಹಿಡಿದುಕೊಳ್ಳುತ್ತವೆ.

"ಇವರದ್ದು ಬಲಗಡೇದು ಹತ್ತಿದೆ. ಎಡಗಡೇದು ಹತ್ತಿಲ್ಲ, ಅಷ್ಟೆ. ಚೆನ್ನಾಗೇ ಕೆಲಸ ಮಾಡ್ತಿದೆ. ಏನೂ ಮಾಡಬೇಕಾಗಿಲ್ಲ," ಎಂದರು.

ಎರಡು ಹೆರಿಗೆ ಆಗಿದೆಯಲ್ಲ, ಆಗ ಯಾಕೆ ಕಾಣಲಿಲ್ಲ ಅಂತ ಅಕ್ಕ ಕೇಳಿದಳು. ಆಗ ಮಗುವಿನ ಕಿಡ್ನಿ ನೋಡಿರುತ್ತಾರೆ, ತಾಯಿಯದನ್ನು ಯಾರು ನೋಡುತ್ತಾರೆ ಅಂದರು ಡಾಕ್ಟರು.

ಭಾವ ಇಷ್ಟು ಹೊತ್ತು ಪರದೆಯನ್ನೇ ನೋಡುತ್ತಿದ್ದರು. ನಾಲ್ಕನೇ ಮಹಡಿಯಿಂದ ಬೀರು ಇಳಿಸುವ ಮೊದಲು ಮೆಟ್ಟಿಲಿನ ತಿರುವು ನೋಡುವ ಅದೇ ನೋಟ. "ಎಷ್ಟು ದೂರ ಇದೆ, ಅಲ್ಲಿಂದ ಇಲ್ಲಿಗೆ?" ಎಂದರು. ಸುಮಾರು ಒಂದು ಗೇಣು ಅಂದರು ಡಾಕ್ಟರು. ಒಂದು ಗೇಣು ಸಾಗಿಸುವುದಕ್ಕೆ ಏನು ಕಷ್ಟ ಅಂತ ಭಾವ ವಾದಕ್ಕಿಳಿದರು. ಅದು ಇರುವಲ್ಲೇ ರಕ್ತನಾಳ ಹಿಡಿದುಕೊಂಡು ಬೇರೂರಿದೆ, ಎಳೆದರೆ ಇದ್ದದ್ದೂ ಹೋಗುತ್ತದೆ, ನೀರು ಚೆನ್ನಾಗಿ ಕುಡಿಯಲಿ, ಅಲ್ಲಿಗೆ ಪೆಟ್ಟು ಬೀಳದ ಹಾಗೆ ನೋಡಿಕೊಳ್ಳಲಿ, ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಇದನ್ನು ಹೇಳಲಿ ಎಂದು ಅವರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರು. ಭಾವ ಮನೆಗೆ ಹೋದವರೇ ಮಂಚದ ಕಾಲ ಕಡೆಗೆ ಎರಡೆರಡು ಮರದ ತುಂಡು ಕೊಟ್ಟು ಎತ್ತರಿಸಿ, ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಹಾಗೇ ಮಲಗು, ಜಾರಿದರೆ ಜಾರಲಿ ಅಂದರು. ಅಕ್ಕ ಮೂರು ದಿನ ಹಾಗೆ ಮಲಗಿದಳು. ಜಾರಿದ್ದು ದಿಂಬು ಮಾತ್ರ.

ಇಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಅಕ್ಕನ ಅತ್ತೆ ಮೂವತ್ತು ವರ್ಷ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತರಾದವರು. ಬೀದಿಯವರಿಗೆಲ್ಲ ಅವರು ಹೆಡ್ ಮೇಡಂ, ಹಾಗಾಗಿ ನಮಗೂ. ಎಪ್ಪತ್ತಾರು ವರ್ಷವಾದರೂ ಯಾವ ವಿಷಯವನ್ನೂ ಕಾರಣ ತಿಳಿಯದೆ ಬಿಡುವವರಲ್ಲ. ಹಾಲು ಉಕ್ಕಿದರೆ ಯಾಕೆ ಉಕ್ಕಿತು, ಯಾರು ನಿಂತಿದ್ದರು, ಎಲ್ಲಿ ನೋಡುತ್ತಿದ್ದರು, ಎಲ್ಲ ಆಗಬೇಕು. ಎಡಗಡೆಯ ಕಿಡ್ನಿ ಯಾಕೆ ಹತ್ತಲಿಲ್ಲ ಎಂದು ಕೇಳಿದರು. ಯಾಕೆಂದು ಯಾರಿಗೂ ಗೊತ್ತಿಲ್ಲ, ಯಾರ ತಪ್ಪೂ ಅಲ್ಲ ಅಂತ ಡಾಕ್ಟರು ಹೇಳಿದ್ದನ್ನು ಅಕ್ಕ ಹೇಳಿದಳು. ಹಾಗೆಲ್ಲ ಇರುವುದಿಲ್ಲ ಅಂದರು ಹೆಡ್ ಮೇಡಂ.

ಆರರಿಂದ ಒಂಬತ್ತನೇ ವಾರ ಅನ್ನುವುದು ಅವರಿಗೆ ಬಹಳ ಹಿಡಿಸಿತು. ವಾರ ಅಂದ ಮೇಲೆ ತಾರೀಖು ಇರಲೇಬೇಕು. ಅಕ್ಕ ಹುಟ್ಟಿದ ದಿನದಿಂದ ಹಿಂದಕ್ಕೆ ಎಣಿಸಿದರು, ಡಾಕ್ಟರಿಗೆ ಎರಡು ಸಲ ಫೋನ್ ಮಾಡಿ ಲೆಕ್ಕ ಸರಿಯಿದೆಯೇ ಕೇಳಿಕೊಂಡರು, ಹಾಳೆಯ ಮೇಲೆ ಗೆರೆ ಎಳೆದು ನಾಲ್ಕು ವಾರಗಳ ಇಪ್ಪತ್ತೆಂಟು ದಿನ ಬರೆದರು. ಆ ಇಪ್ಪತ್ತೆಂಟು ದಿನ ಈ ಕಿಡ್ನಿ ಯಾರ ಸುಪರ್ದಿನಲ್ಲಿತ್ತು ಅನ್ನುವುದಕ್ಕೆ ಹೆಚ್ಚು ಯೋಚಿಸಬೇಕಾಗಿರಲಿಲ್ಲ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಅಮ್ಮನಿಗೆ ಕರೆ ಹೋಯಿತು. ಹೇಳಿಕೆ ಬರೆದುಕೊಳ್ಳಲು ನಾನೇ ಬರಬೇಕೆಂದೂ ಅಪ್ಪಣೆಯಾಯಿತು.

ಅಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ಹತ್ತಕ್ಕೆ ಐದು ನಿಮಿಷ ಇರುವಾಗಲೇ ಬಂದಳು. ಸಾಮಾನು ಕಟ್ಟುವ ಆ ಉದ್ದನೆಯ ಕೋಣೆಯಲ್ಲೇ ಮೇಜು ಹಾಕಿದ್ದರು. ಮೇಜಿನ ಆಚೆ ಹೆಡ್ ಮೇಡಂ, ಈಚೆ ಅಮ್ಮ, ಮೂಲೆಯಲ್ಲಿ ನಾನು. ಭಾವ ಬಾಗಿಲಿಗೆ ಒರಗಿ ನಿಂತಿದ್ದರು. ಅಕ್ಕ ಗೋಡೆಯ ಬದಿಯಲ್ಲಿ ಯಾರದೋ ಮನೆಯ ಕಪ್ಪು ಸಾಸರು ಸುತ್ತುತ್ತಾ ಕೂತಿದ್ದಳು. ಟೀ ಕೊಟ್ಟ ಮೇಲೆ ವಿಚಾರಣೆ ಶುರುವಾಯಿತು.

ಆಗ ನಮ್ಮ ಅಮ್ಮ ಸಿನಿಮಾ ಟಾಕೀಸಿನಲ್ಲಿ ಟಿಕೆಟ್ ಕೊಡುವ ಕಿಟಕಿಯ ಹಿಂದೆ ಕೂರುತ್ತಿದ್ದಳು. ದಿನಕ್ಕೆ ಎಷ್ಟು ಗಂಟೆ ಕೂರುತ್ತಿದ್ದಿರಿ ಅಂತ ಮೊದಲ ಪ್ರಶ್ನೆ. ಮೂರು ಆಟಕ್ಕೂ ಕೂರುತ್ತಿದ್ದೆ ಅಂದಳು ಅಮ್ಮ. ಎಂಥದರ ಮೇಲೆ? ಮರದ ಸ್ಟೂಲು. ಎತ್ತರದ್ದೋ, ಗಿಡ್ಡದ್ದೋ? ಗಿಡ್ಡದ್ದು, ಕಿಟಕಿ ತಗ್ಗಿನಲ್ಲಿತ್ತು. ಹೆಡ್ ಮೇಡಂ ನನ್ನ ಕಡೆ ನೋಡಿ, ಗಿಡ್ಡದ್ದು ಅಂತ ಬರೆದುಕೋ ಅಂದರು. ಬರೆದೆ.

"ಬಾಲ್ಕನಿ ಟಿಕೆಟ್ ಹೆಚ್ಚು ಹೋಗ್ತಿತ್ತಾ, ಕೆಳಗಿಂದಾ?"

ಅಮ್ಮ ಕಣ್ಣು ಮುಚ್ಚಿ ನೆನಪು ಮಾಡಿಕೊಂಡಳು. "ಆವಾಗ ಒಂದು ಅಳೋ ಸಿನಿಮಾ ಓಡ್ತಿತ್ತು. ಬಾಲ್ಕನಿ ಖಾಲಿ. ಎಲ್ಲಾ ಕೆಳಗಿನವೇ ಹೋಗ್ತಿದ್ದವು."

ಈ ಉತ್ತರದಿಂದ ಏನು ಸಾಬೀತಾಯಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಭಾವ ನಿಧಾನವಾಗಿ ತಲೆ ಆಡಿಸಿದರು.

ಮುಂದಿನ ಪ್ರಶ್ನೆಗೆ ವಿಚಾರಣೆ ಹಳಿ ತಪ್ಪಿತು. ಬಸುರಿ ಅಂತ ಗೊತ್ತಾದ ಮೇಲೂ ಆ ಗಿಡ್ಡ ಸ್ಟೂಲನ್ನು ಯಾಕೆ ಬದಲಾಯಿಸಲಿಲ್ಲ ಅಂತ ಹೆಡ್ ಮೇಡಂ ಕೇಳಿದರು. ಗೊತ್ತಾಗಿದ್ದೇ ಮೂರು ತಿಂಗಳು ತುಂಬಿದ ಮೇಲೆ ಅಂದಳು ಅಮ್ಮ. ಅಲ್ಲಿಯವರೆಗೆ ಅಜೀರ್ಣ ಅಂದುಕೊಂಡು ಓಮದ ನೀರು ಕುಡಿಯುತ್ತಿದ್ದಳಂತೆ. ಹೆಡ್ ಮೇಡಂ ತಮ್ಮ ಹಾಳೆ ನೋಡಿದರು. ಅಮ್ಮನಿಗೆ ಗೊತ್ತಾಗುವ ಹೊತ್ತಿಗೆ ಮೂರು ಜೊತೆ ಕಿಡ್ನಿ ಹುಟ್ಟಿ, ಎರಡು ಜೊತೆ ಎತ್ತಂಗಡಿಯಾಗಿ, ಬಲಗಡೆಯದು ಮೇಲೆ ಹತ್ತಿ, ಎಡಗಡೆಯದು ಕೆಳಗೇ ನಿಂತು, ಎಲ್ಲ ಮುಗಿದುಹೋಗಿತ್ತು.

"ಅಂದ್ರೆ ಆ ನಾಲ್ಕು ವಾರ ನೋಡಿಕೊಳ್ಳೋರೇ ಇರಲಿಲ್ಲ," ಎಂದರು ಹೆಡ್ ಮೇಡಂ.

"ಇರಲಿಲ್ಲ," ಎಂದಳು ಅಮ್ಮ, ತಲೆ ತಗ್ಗಿಸಿ.

ಅಲ್ಲಿಯವರೆಗೂ ತುಟಿ ಬಿಚ್ಚದಿದ್ದ ಅಕ್ಕ ಕೈಲಿದ್ದ ಕಪ್ಪನ್ನು ಕೆಳಗಿಟ್ಟು, ಇದು ನನ್ನ ಕಿಡ್ನಿ ವಿಷಯ, ನನ್ನನ್ನು ಯಾರೂ ಒಂದು ಮಾತು ಕೇಳುತ್ತಿಲ್ಲವಲ್ಲ ಅಂದಳು. ಹೆಡ್ ಮೇಡಂ ಅವಳ ಕಡೆ ಮೃದುವಾಗಿಯೇ ನೋಡಿದರು. "ನೀನು ಆವಾಗ ತುಂಬಾ ಚಿಕ್ಕವಳಮ್ಮ. ನಿಂಗೇನು ಗೊತ್ತಿರುತ್ತೆ," ಎಂದರು.

ತಪ್ಪೊಪ್ಪಿಕೊಂಡ ಮೇಲೆ ಅಮ್ಮ ಸುಮ್ಮನಿರಬಹುದಿತ್ತು. ಆದರೆ ಅವಳಿಗೆ ಯಾವುದನ್ನೂ ಅರ್ಧಕ್ಕೆ ಬಿಡುವ ಅಭ್ಯಾಸವಿಲ್ಲ. ಸೋಮವಾರ ನನ್ನ ಕಚೇರಿಗೆ ಫೋನ್ ಮಾಡಿ, ಬಸ್ಸಿನಲ್ಲಿ ಕೊನೇ ಸೀಟಿನಲ್ಲಿ ಕೂರುತ್ತಿದ್ದೆ, ಕುಲುಕುತ್ತಿತ್ತು, ಅದನ್ನೂ ಸೇರಿಸು ಅಂದಳು. ಮಂಗಳವಾರ ಬಳಪ ತಿಂದದ್ದು ನೆನಪಾಯಿತು. ಬುಧವಾರ ಒಂದು ಮೋರಿ ದಾಟಲು ನೆಗೆದದ್ದು. ಗುರುವಾರ ಖುದ್ದಾಗಿ ಬಂದು, ಆ ಅಳುವ ಸಿನಿಮಾವನ್ನು ತಾನೂ ಆರು ಸಲ ನೋಡಿ ಆರು ಸಲವೂ ಅತ್ತಿದ್ದಾಗಿ ಹೇಳಿಕೆ ಕೊಟ್ಟಳು. ಇಪ್ಪತ್ತು ವರ್ಷದಿಂದ ಸಾಕ್ಷಿಗಳ ಮಾತು ಟೈಪು ಮಾಡುತ್ತಿದ್ದೇನೆ, ಕೇಳದ ಪ್ರಶ್ನೆಗೂ ತಪ್ಪೊಪ್ಪಿಕೊಳ್ಳುವ ಸಾಕ್ಷಿಯನ್ನು ಕಂಡಿದ್ದು ಅದೇ ಮೊದಲು. ನಗು ಬರಬೇಕಿತ್ತು, ಬರಲಿಲ್ಲ. ಅವಳು ಊಟ ಕಡಿಮೆ ಮಾಡಿದ್ದಳು. ತನ್ನ ಎಡಗಡೆಯ ಕಿಡ್ನಿಯನ್ನು ಮಗಳಿಗೆ ಕೊಟ್ಟು ಅವಳದನ್ನು ತಾನು ಇಟ್ಟುಕೊಳ್ಳಬಹುದೇ ಎಂದು ನನ್ನ ಹತ್ತಿರ ಗುಟ್ಟಾಗಿ ಕೇಳಿದಳು.

ಅಕ್ಕನಿಗೆ ಇದು ತಿಳಿದು, ಅವಳೇ ಡಾಕ್ಟರಿಗೆ ಫೋನ್ ಮಾಡಿದಳು. ದಯವಿಟ್ಟು ಅಮ್ಮನನ್ನು ಕೂರಿಸಿಕೊಂಡು ನಿಮ್ಮ ಬಾಯಿಂದಲೇ ಒಂದು ಸಲ ಹೇಳಿ ಅಂತ ಬೇಡಿಕೊಂಡಳು. ಕರೆದುಕೊಂಡು ಬನ್ನಿ, ಇಂಥವು ಕೆಲವೊಮ್ಮೆ ಮನೆತನದಲ್ಲಿ ಬರುತ್ತವೆ, ಹೇಗೂ ಅವರದನ್ನೂ ಒಮ್ಮೆ ನೋಡಿಬಿಡೋಣ ಅಂದರಂತೆ. ವಿಷಯ ತಿಳಿದ ಹೆಡ್ ಮೇಡಂ ತಾವೂ ಬರುವುದಾಗಿ ಹೊರಟು ನಿಂತರು. ಅವರು ಅಕ್ಕನಿಗೆ ರಕ್ತಸಂಬಂಧಿ ಅಲ್ಲ, ಅವರನ್ನು ನೋಡಿ ಪ್ರಯೋಜನವಿಲ್ಲ ಅಂತ ನಾನು ಹೇಳಿದೆ. ಸರಿಯಾದ ಕಿಡ್ನಿ ಹೇಗಿರುತ್ತದೆ ಅಂತ ಪಕ್ಕದಲ್ಲೇ ಇಟ್ಟು ನೋಡಲು ಒಂದು ಮಾದರಿ ಬೇಡವೇ ಅಂತ ಕೇಳಿದರು.

ಮಾದರಿಯನ್ನೇ ಮೊದಲು ನೋಡಿದರು. ಡಾಕ್ಟರು ಒಂದೇ ಸಮನೆ ಗುನುಗುತ್ತಾ ಒಂದು ನಿಮಿಷದೊಳಗೆ ಮುಗಿಸಿ, ಎರಡೂ ಸರಿಯಾಗಿವೆ ಅಂತ ಕಾಗದದಿಂದ ಜೆಲ್ ಒರೆಸಿಕೊಳ್ಳಲು ಹೇಳಿದರು. ಹೆಡ್ ಮೇಡಂ ಏಳಲಿಲ್ಲ. "ಅಷ್ಟೇನಾ?" ಎಂದರು. ಅಷ್ಟೇ, ಹೇಳುವಂಥದ್ದು ಏನೂ ಇಲ್ಲ ಅಂದರು ಡಾಕ್ಟರು. ಹೆಡ್ ಮೇಡಂ ಮುಖ ಊದಿಸಿಕೊಂಡು ಮಂಚದಿಂದ ಇಳಿದರು.

ಅಮ್ಮನ ಸರದಿ ಬಂತು. ಗುನುಗು ನಿಂತಿತು. ಈ ಸಲ ಡಾಕ್ಟರು ಬಾಗಿಲು ತೆರೆದು, ಕಲಿಯಲು ಬರುತ್ತಿದ್ದ ಇಬ್ಬರು ಹುಡುಗಿಯರನ್ನೂ ಒಳಗೆ ಕರೆದರು. ಮೂವರೂ ಪರದೆಯ ಮೇಲೆ ಬಾಗಿದರು. ಅಮ್ಮ ಗಾಬರಿಯಿಂದ ಅಕ್ಕನ ಕೈ ಹಿಡಿದುಕೊಂಡಳು.

ಅಮ್ಮನ ಎರಡು ಕಿಡ್ನಿಗಳೂ ಕೆಳತುದಿಯಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದವು, ಕುದುರೆಯ ಲಾಳದ ಹಾಗೆ. ಕೆಳಗೆ ಹುಟ್ಟಿದಾಗ ಎರಡೂ ತೀರ ಹತ್ತಿರ ಇರುತ್ತವೆ, ಕೆಲವು ಸಲ ತಾಗಿ ಕೂಡಿಕೊಂಡುಬಿಡುತ್ತವೆ ಅಂದರು ಡಾಕ್ಟರು. ಕೂಡಿಕೊಂಡೇ ಹತ್ತುತ್ತವೆ. ಅರ್ಧ ದಾರಿಯಲ್ಲಿ ಒಂದು ರಕ್ತನಾಳ ಅಡ್ಡ ಸಿಗುತ್ತದೆ. ಬಿಡಿಬಿಡಿಯಾಗಿದ್ದರೆ ಆಚೆಗೊಂದು ಈಚೆಗೊಂದು ಹೋಗುತ್ತಿದ್ದವು, ಕೂಡಿಕೊಂಡಿರುವುದರಿಂದ ಅಲ್ಲೇ ಸಿಕ್ಕಿಕೊಂಡು ನಿಲ್ಲುತ್ತವೆ. ಎಪ್ಪತ್ತು ವರ್ಷ ಏನೂ ತೊಂದರೆ ಕೊಡದೆ ದುಡಿದಿವೆ. ಹೀಗೆ ಆಗುವುದಕ್ಕೆ ಸ್ಟೂಲು, ಬಸ್ಸು, ಬಳಪ, ಮೋರಿ ಯಾವುದೂ ಕಾರಣವಲ್ಲ.

ಹೆಡ್ ಮೇಡಂ ಇದನ್ನೆಲ್ಲ ಗಮನವಿಟ್ಟು ಕೇಳಿದರು. ಆಮೇಲೆ ಚೀಲದಿಂದ ಹೊಸ ಹಾಳೆ ಮತ್ತು ಪೆನ್ಸಿಲ್ ತೆಗೆದು, ಸ್ಕ್ಯಾನ್ ಮಂಚದ ಅಂಚಿನ ಮೇಲೇ ಹಾಳೆ ಹರಡಿದರು.

"ನೀವು ಹುಟ್ಟಿದ ತಾರೀಖು ಹೇಳಿ," ಎಂದರು.

ಅಮ್ಮ ಎದ್ದು ಕೂತಳು. ಹೊಟ್ಟೆಯ ಮೇಲೆ ಜೆಲ್ ಹಾಗೇ ಇತ್ತು. "ಅದು ಬೇಡ," ಅಂದಳು.

"ತಿಳ್ಕೊಳ್ಳೋದಕ್ಕಷ್ಟೆ."

"ಬೇಡ ಅಂದ್ನಲ್ಲ. ನನ್ನ ವಿಷಯ ಎಷ್ಟು ಬೇಕಾದ್ರೂ ಕೇಳಿ, ಹೇಳ್ತೀನಿ. ನಮ್ಮಮ್ಮನ ಸುದ್ದಿಗೆ ಬರಬೇಡಿ. ಏಳು ಮಕ್ಕಳನ್ನ ಹೆತ್ತೋಳು ಅವಳು. ಎಲ್ಲಿ ಕೂತಿದ್ದಳು, ಯಾವುದರ ಮೇಲೆ ಕೂತಿದ್ದಳು ಅಂತ ಅವಳನ್ನ ಯಾರೂ ಕೇಳಬಾರದು. ಅವಳಿಗೆ ಕೂರೋಕೆ ಪುರುಸೊತ್ತೇ ಇರಲಿಲ್ಲ."

ಅಮ್ಮ ದನಿ ಏರಿಸಿರಲಿಲ್ಲ, ಆದರೂ ಆ ಇಬ್ಬರು ಹುಡುಗಿಯರು ಗೋಡೆಗೆ ಒತ್ತಿಕೊಂಡು ನಿಂತರು. ಅಕ್ಕ ಕಾಗದ ಹರಿದು ಅಮ್ಮನ ಹೊಟ್ಟೆ ಒರೆಸತೊಡಗಿದಳು. ಒರೆಸುತ್ತಲೇ, "ಹಾಗಾದ್ರೆ ನಮ್ಮಮ್ಮನ ಸುದ್ದೀನೂ ಸಾಕು," ಎಂದಳು. ಅತ್ತೆಯ ಕಡೆ ತಿರುಗಿ ನೋಡಲಿಲ್ಲ. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಅತ್ತೆಗೆ ಎದುರು ಅವಳು ಆಡಿದ ಮಾತು ಅದೊಂದೇ ಇರಬೇಕು.

ಹೆಡ್ ಮೇಡಂ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಗೆ ಹೋದರು.

ನಾನು ನೀರಿನ ಬಾಟಲಿ ತರಲು ಹೋಗಿ ಬರುವಷ್ಟರಲ್ಲಿ ಅಮ್ಮನೂ ಹೊರಗೆ ಬಂದು, ಕಾರಿಡಾರಿನ ಬೆಂಚಿನ ಮೇಲೆ ಅವರ ಪಕ್ಕದಲ್ಲಿ ಕೂತಿದ್ದಳು. ಅಕ್ಕ ರಿಪೋರ್ಟಿಗೆ ಕಾಯುತ್ತಿದ್ದಳು. ಹೆಡ್ ಮೇಡಂ ಎದುರಿನ ಗೋಡೆ ನೋಡುತ್ತಾ ಹೇಳಿದರು.

"ನನ್ನ ಮಗನಿಗಿಂತ ಮುಂಚೆ ನಂಗೆ ಒಂದು ನಿಂತಿತ್ತು. ಹತ್ತನೇ ವಾರಕ್ಕೆ ಹೋಯ್ತು. ಅಟ್ಟದ ಮೇಲಿಂದ ಡಬ್ಬ ಇಳಿಸೋಕೆ ಕುರ್ಚಿ ಹತ್ತಿದ್ದೆ. ಅದಕ್ಕೇ ಹೋಗಿದ್ದು."

"ಯಾರು ಹಾಗಂದಿದ್ದು?" ಎಂದು ಕೇಳಿದಳು ಅಮ್ಮ.

"ಯಾರೂ ಅನ್ನಲಿಲ್ಲ. ಏನೋ ಒಂದು ಕಾರಣ ಬೇಕಾಗಿತ್ತು."

ಅಮ್ಮ ಎದ್ದಳು. ಅವರ ಕೈ ಹಿಡಿದು ಎಬ್ಬಿಸಿ, ಸರದಿಯಲ್ಲಿ ಕೂತಿದ್ದ ಒಂಬತ್ತು ಜನರನ್ನು ದಾಟಿಕೊಂಡು, ಬಾಗಿಲು ತಟ್ಟದೆ ಡಾಕ್ಟರ ಕೋಣೆಗೆ ನುಗ್ಗಿದಳು. ಒಳಗೆ ಮಂಚದ ಮೇಲೆ ಯಾರೋ ಗಂಡಸು ಅಂಗಿ ಎತ್ತಿಕೊಂಡು ಮಲಗಿದ್ದನಂತೆ. ಅವನ ತಲೆಯ ಮೇಲಿಂದಲೇ ಅಮ್ಮ ಕೇಳಿದಳು, ಡಾಕ್ಟರು ಉತ್ತರ ಕೊಟ್ಟರು. ಕುರ್ಚಿ ಹತ್ತಿದ್ದಕ್ಕೆ ಹೋಗುವುದಿಲ್ಲ, ಅಷ್ಟು ಬೇಗ ಹೋಗುವುದು ಹೆಚ್ಚಾಗಿ ಮೊದಲಿನಿಂದಲೇ ಒಳಗೆ ಏನೋ ಸರಿಯಾಗಿ ಜೋಡಣೆಯಾಗದೆ ಇರುವುದರಿಂದ, ನೀವು ದಿನವಿಡೀ ಮಲಗಿದ್ದರೂ ಹೋಗುತ್ತಿತ್ತು ಅಂದರಂತೆ. ಮಂಚದ ಮೇಲಿದ್ದ ಗಂಡಸೂ ಹೌದಮ್ಮ ಅಂದನಂತೆ. ಇಬ್ಬರೂ ಹೊರಗೆ ಬಂದಾಗ ಹೆಡ್ ಮೇಡಂ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಅದನ್ನು ಮತ್ತೆ ಹಾಕಿಕೊಳ್ಳಲು ಬಹಳ ಹೊತ್ತು ಬೇಕಾಯಿತು. ನನ್ನ ಕೈಲಿದ್ದ ನೀರಿನ ಬಾಟಲಿಯನ್ನು ಅಮ್ಮ ಇಸಿದುಕೊಂಡು ಮೊದಲು ಅವರಿಗೆ ಕುಡಿಸಿದಳು.

ಅಷ್ಟರಲ್ಲಿ ಭಾವ ಒಂದು ಕೆಲಸದ ಮಧ್ಯದಿಂದಲೇ ನಮ್ಮನ್ನು ಕರೆದೊಯ್ಯಲು ಬಂದರು. ಲಾರಿಯ ಮುಂದೆ ಡ್ರೈವರ್ ಬಿಟ್ಟರೆ ಇಬ್ಬರಿಗಷ್ಟೇ ಜಾಗ. ಹಿಂದೆ ಗಿರಾಕಿಯ ಸೋಫಾ ಒಂದೇ ಇತ್ತು, ಹಗ್ಗ ಹಾಕಿ ಬಿಗಿದಿದ್ದರು. ಅಕ್ಕನಿಗೆ ಪೆಟ್ಟಾಗಬಾರದು ಅಂತ ಅವಳನ್ನು ಮುಂದೆ ಕೂರಿಸುವುದೆಂದು ಮೊದಲೇ ತೀರ್ಮಾನವಾಗಿತ್ತು. ಇಬ್ಬರು ಹಿರಿಯರಿಗೆ ಆಟೋ ಹಿಡಿಯುತ್ತೇನೆ ಅಂದೆ. ಹೆಡ್ ಮೇಡಂ ಲಾರಿಯ ಹಿಂಭಾಗ ನೋಡಿದರು, ಅಮ್ಮನನ್ನು ನೋಡಿದರು. ಬೇಡ ಅಂದರು. ಇಬ್ಬರು ಆಳುಗಳು ಅವರನ್ನು ಗಾಜಿನ ಬೀರು ಎತ್ತುವಷ್ಟು ಜೋಪಾನವಾಗಿ ಎತ್ತಿ ಮೇಲೆ ಬಿಟ್ಟರು. ಅಮ್ಮನನ್ನೂ ಎತ್ತಿದರು. ಗಿರಾಕಿಯ ಸೋಫಾದ ಮೇಲೆ ಇಬ್ಬರೂ ಸೆರಗು ಬಿಗಿಯಾಗಿ ಹೊದ್ದು, ಒಬ್ಬರಿಗೊಬ್ಬರು ಆತುಕೊಂಡು ಕೂತರು. ನಾನೂ ಆಳುಗಳ ಜೊತೆ ಹಿಂದೆಯೇ ಹತ್ತಿ ನಿಂತೆ. ಲಾರಿ ಹೊರಟಾಗ ಸಿಗ್ನಲ್ಲಿನಲ್ಲಿ ನಿಂತಿದ್ದ ಜನ ಕಣ್ಣು ಪಿಳಿಪಿಳಿ ಬಿಟ್ಟು ನೋಡಿದರು. ಹೆಡ್ ಮೇಡಂ ಅವರ ಕಡೆ ಗಮನ ಕೊಡದೆ, ಆ ಅಳುವ ಸಿನಿಮಾದ ಕಥೆ ಏನಿತ್ತು ಅಂತ ಅಮ್ಮನನ್ನು ಕೇಳುತ್ತಿದ್ದರು.